ಹಿಟ್ಟಿನ ಪಂದ್ಯ

"ಎಡಕ್ಕೆ ಸ್ವಲ್ಪ ವಾಲಿಸಿ, ಮೂಲೆ ತಾಗುತ್ತೆ!" ಎಂದು ಗೋಚಾ ಹಿಂದಿನಿಂದ ಕೂಗಿದ.

ಶವಪೆಟ್ಟಿಗೆಯ ಮುಂದಿನ ಎಡಮೂಲೆಗೆ ಹೆಗಲು ಕೊಟ್ಟಿದ್ದವನು ಜುಂಬೆರ್. ಎಪ್ಪತ್ತಮೂರರ ವಯಸ್ಸಿನಲ್ಲಿ ಬೇಡವೆಂದು ಎಲ್ಲರೂ ಹೇಳಿದ್ದರು, ಅವನು ಕೇಳಿರಲಿಲ್ಲ. ಬಾಗಿಲು ದಾಟುವ ಮುನ್ನ ಪೆಟ್ಟಿಗೆಯನ್ನು ಚೌಕಟ್ಟಿಗೆ ಮೂರು ಸಲ ತಟ್ಟಿದರು. ಸತ್ತವನು ತನ್ನ ಮನೆಗೆ ಹೋಗಿಬರುತ್ತೇನೆ ಎಂದು ಹೇಳುವುದು ಹಾಗೆ. ಮೂರನೆಯ ಸದ್ದಿಗೆ ಒಳಗಿನ ಹೆಂಗಸರ ಅಳು ಒಮ್ಮೆಲೇ ಏರಿ, ಹಾಗೇ ಇಳಿಯಿತು. ಪಾರ್ಮೆನ್‌ಗೆ ಅಳುವ ಹೆಂಗಸರು ಹೆಚ್ಚಿರಲಿಲ್ಲ.

ಮೆಟ್ಟಿಲ ಕೆಳಗೆ ಹೆಗಲು ಬದಲಾಯಿಸುವಾಗ ಎತೆರಿ ಜುಂಬೆರ್‌ನ ತೋಳು ಹಿಡಿದಳು. ಗಂಡ ಸತ್ತ ನಾಲ್ಕು ದಿನಗಳಲ್ಲಿ ಅವಳ ಮುಖ ಚಿಕ್ಕದಾಗಿತ್ತು. ಕಣ್ಣು ಮಾತ್ರ ಒಣಗಿದ್ದವು.

"ಊಟದ ಮೇಜಿಗೆ ತಮಾದ ನೀನೇ ಆಗ್ಬೇಕು, ಜುಂಬೆರ್."

"ಬೇರೆ ಯಾರಿಗಾದ್ರೂ ಹೇಳು ಎತೆರಿ. ನನ್ನ ಗಂಟಲು ಸರಿ ಇಲ್ಲ."

"ಗಂಟಲು ಸರಿ ಇಲ್ದೇ ಇದ್ರೂ ಪರವಾಗಿಲ್ಲ. ಮಾತು ಇದ್ರೆ ಸಾಕು."

ಅವನು ತಲೆಯಾಡಿಸಿದ. ಮಣ್ಣು ಮಾಡಿ ಬಂದ ಮೇಲಿನ ಊಟದಲ್ಲಿ ತಮಾದ ಬಟ್ಟಲು ಎತ್ತಿ ಏನು ಹೇಳುತ್ತಾನೋ ಅದೇ ಆ ಮನುಷ್ಯನ ಬಗ್ಗೆ ಊರಿನ ಕೊನೆಯ ಮಾತು. ಆಮೇಲೆ ಕಲ್ಲಿನ ಮೇಲೆ ಹೆಸರು, ತಾರೀಕು ಅಷ್ಟೇ. ಅಂಥ ಮಾತನ್ನು ಜುಂಬೆರ್ ಈ ಊರಿನಲ್ಲಿ ನಲವತ್ತಕ್ಕೂ ಹೆಚ್ಚು ಸತ್ತವರಿಗೆ ಹೇಳಿದ್ದ.

ಪೆಟ್ಟಿಗೆ ಹೊತ್ತ ಲಾರಿ ಮೈದಾನದ ರಸ್ತೆಗೆ ತಿರುಗಿತು. ಊರಿನ ಫುಟ್‌ಬಾಲ್ ಕ್ಲಬ್ಬಿಗಾಗಿ ಆಡಿದವರು ಯಾರೇ ಸತ್ತರೂ ಮೈದಾನದ ಗೇಟಿನ ಮುಂದೆ ಲಾರಿ ಒಂದು ನಿಮಿಷ ನಿಲ್ಲುತ್ತಿತ್ತು, ಕಾವಲುಗಾರ ಗೇಟು ತೆರೆಯುತ್ತಿದ್ದ. ಪಾರ್ಮೆನ್ ಆಡಿದವನಲ್ಲ. ಹತ್ತೊಂಬತ್ತು ವರ್ಷ ಆ ಹುಲ್ಲು ಕತ್ತರಿಸಿದವನು, ಗೆರೆ ಎಳೆದವನು.

ಲಾರಿಯ ಹಿಂದೆ ನಡೆಯುತ್ತಿದ್ದವರಲ್ಲಿ ಯಾರೋ ಕೇಳಿದರು, "ನಿಲ್ಲಿಸೋದಾ?"

"ಯಾಕೆ, ಹಿಟ್ಟು ಚೆಲ್ಲಿದ್ದಕ್ಕಾ?" ಎಂದಿತು ಇನ್ನೊಂದು ದನಿ, ತಗ್ಗಿಸಿ.

ಚಾಲಕ ಪಕ್ಕದಲ್ಲಿದ್ದ ಜುಂಬೆರ್‌ನ ಮುಖ ನೋಡಿದ. ಹೂಂ ಎಂದರೆ ಸಾಕಿತ್ತು. ಜುಂಬೆರ್ ಗಾಜಿನಾಚೆ ನೋಡುತ್ತ ಕುಳಿತ. ಲಾರಿ ನಿಲ್ಲಲಿಲ್ಲ. ಗೇಟಿನ ಮೇಲೆ ಕ್ಲಬ್ಬಿನ ಗುರುತು, ಜುಟ್ಟಿನ ಚಂದ್ರಮುಕುಟ ಹಕ್ಕಿ, ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಒಳಗೆ ಈಗ ಪ್ಲಾಸ್ಟಿಕ್ ಹುಲ್ಲು. ಗೆರೆಗಳನ್ನು ಅದರಲ್ಲೇ ನೇಯ್ದಿದ್ದಾರೆ. ಯಾರೂ ಎಳೆಯಬೇಕಾಗಿಲ್ಲ.

* * *

ಮೊದಲು ಅದು ಚಹಾ ಕಾರ್ಖಾನೆಯ ತಂಡ. ಎಲೆ ಒಣಗಿಸುವವರು, ಪೆಟ್ಟಿಗೆ ಮೊಳೆ ಹೊಡೆಯುವವರು ಭಾನುವಾರ ಆಡುತ್ತಿದ್ದರು. ಆಮೇಲೆ ಸಂಬಳದ ಆಟಗಾರರು ಬಂದರು, ಬಸ್ಸು ಬಂತು, ಬಸ್ಸು ಓಡಿಸಲು ಜುಂಬೆರ್ ಬಂದ. ಜಾರ್ಜಿಯಾದ ಕ್ಲಬ್ಬುಗಳು ಸೋವಿಯತ್ ಲೀಗ್ ಬಿಟ್ಟು ತಮ್ಮದೇ ಲೀಗ್ ಕಟ್ಟಿಕೊಂಡ ವರ್ಷ ತಂಡ ಚಹಾದ ಹೆಸರು ಬಿಟ್ಟು 'ಓಪೋಪಿ' ಎಂದು ಚಂದ್ರಮುಕುಟ ಹಕ್ಕಿಯ ಹೆಸರಿಟ್ಟುಕೊಂಡಿತು. ಮೊದಲ ದರ್ಜೆಯಲ್ಲಿ ಜಾಗವೂ ಸಿಕ್ಕಿತು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿತು, ಕರೆಂಟು ಹೋಯಿತು, ರೊಟ್ಟಿಗೆ ಸಾಲು ಶುರುವಾಯಿತು. ಊರಿನಲ್ಲಿ ಓಡುತ್ತಿದ್ದದ್ದು ತಂಡ ಒಂದೇ.

ತೊಂಬತ್ನಾಲ್ಕರ ವಸಂತದಲ್ಲಿ ಕ್ಲಬ್ಬಿನ ಬಸ್ಸು ಆಟಗಾರರಿಗಿಂತ ಹೆಚ್ಚು ಹಿಟ್ಟು ಹೊತ್ತಿತ್ತು. ಬಂದರಿಗೆ ಬಂದ ನೆರವಿನ ಗೋಧಿ ಹಿಟ್ಟನ್ನು ಊರಿನ ರೊಟ್ಟಿ ಒಲೆಗೆ ತರುವುದು ಜುಂಬೆರ್‌ನ ಕೆಲಸ. ಆ ಸಲ ಅವನು ಬಂದರಿನಲ್ಲಿ ಎರಡು ಡಬ್ಬ ಸೀಮೆಎಣ್ಣೆಯನ್ನೂ ಕೊಂಡ, ಮಾರಿಕೊಳ್ಳಲು. ಯಾರಿಗೂ ಕಾಣದಿರಲೆಂದು ಹಿಟ್ಟಿನ ಚೀಲಗಳ ಮೇಲಿಟ್ಟು ಗೋಣಿ ಹೊದಿಸಿದ. ಹಾದಿಯ ಗುಂಡಿಗಳಲ್ಲಿ ಒಂದು ಡಬ್ಬದ ಬಿರಡೆ ಹಾರಿತು.

ಪಂದ್ಯದ ದಿನ ಬೆಳಕು ಹರಿಯುವ ಹೊತ್ತಿಗೆ ಪಾರ್ಮೆನ್ ಕ್ಲಬ್ಬಿನ ಕೊಠಡಿಯ ಬೀಗ ತೆಗೆದು ಚೀಲ ಇಳಿಸಿಕೊಂಡ. ಒಂದಕ್ಕೆ ಕೈ ಹಾಕಿ ನಿಂತ. ಬೆರಳು ಮೂಗಿಗೆ ಹಿಡಿದ.

"ಎಷ್ಟು ಚೀಲಕ್ಕೆ ತಾಗಿದೆ?"

"ನಾಲ್ಕು. ನನ್ನ ಕೊಲ್ತಾರೆ, ಪಾರ್ಮೆನ್. ರೊಟ್ಟಿ ಸುಡೋ ವೆನೆರಾ ಅಕ್ಕ ಒಬ್ಬಳೇ ಸಾಕು, ಒಲೆಗೇ ಹಾಕ್ತಾಳೆ. ಮನೇಲಿ ಮೂರು ಮಕ್ಕಳು."

ಎರಡು ವಾರದಿಂದ ಪಾರ್ಮೆನ್‌ಗೆ ಗೆರೆ ಎಳೆಯುವ ಸುಣ್ಣ ಸಿಕ್ಕಿರಲಿಲ್ಲ. ಬೂದಿಯಿಂದ ಎಳೆದ ಗೆರೆ ಇಬ್ಬನಿಗೆ ಕರಗುತ್ತಿತ್ತು. ರಾಜಧಾನಿಯಿಂದ ಬಂದಿದ್ದ ಲೀಗಿನ ವೀಕ್ಷಕ ಹಿಂದಿನ ಸಂಜೆಯೇ ಹೇಳಿದ್ದ: ಗೆರೆ ಕಾಣದಿದ್ದರೆ ಪಂದ್ಯವಿಲ್ಲ, ಮೂರು–ಸೊನ್ನೆ ಸೋಲು, ತಂಡ ಕೆಳಗಿನ ದರ್ಜೆಗೆ. ಪಾರ್ಮೆನ್ ಚೀಲಗಳನ್ನು ನೋಡಿದ, ಬಾಗಿಲಾಚೆ ಬೋಳು ಮೈದಾನ ನೋಡಿದ. ಆಮೇಲೆ ಚಹಾ ಕಾರ್ಖಾನೆಯ ತಗಡಿನಿಂದ ತಾನೇ ಮಾಡಿದ್ದ ಗೆರೆಗಾಡಿಯ ಮುಚ್ಚಳ ತೆಗೆದ.

"ಮನೆಗೆ ಹೋಗು. ನೀನು ಇಲ್ಲಿಗೆ ಬಂದೇ ಇಲ್ಲ."

ಅಂಥ ಗೆರೆಯನ್ನು ಆ ಮೈದಾನ ಮೊದಲು ಕಂಡಿರಲಿಲ್ಲ. ವೀಕ್ಷಕ ಪಾರ್ಮೆನ್‌ನ ಕೈ ಕುಲುಕಿದ. ಓಪೋಪಿ ಒಂದು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಗೋಲ್‌ಕೀಪರ್ ಗೋಚಾ, ಆಗ ಇಪ್ಪತ್ತನಾಲ್ಕರ ಹುಡುಗ, ಚೆಂಡಿಗೆಂದು ಹಾರಿ ಗೆರೆಯ ಮೇಲೆ ಬಿದ್ದ. ಎದ್ದಾಗ ಒದ್ದೆ ಮಣ್ಣಿನಲ್ಲಿ ಕಲಸಿಹೋದದ್ದು ಅವನ ಮೊಣಕೈಗೆ ಮೆತ್ತಿಕೊಂಡಿತ್ತು. ಅವನು ಅದನ್ನು ಎಳೆದ. ಅದು ಎಳೆಯಾಗಿ ಬಂತು.

"ಕಣಕ!" ಎಂದು ನಗುತ್ತ ಕೂಗಿದ. "ರೀ, ಇದು ಕಣಕ! ಹಿಟ್ಟು!"

ನಗು ನೋಡುಗರ ಮೊದಲ ಸಾಲಿನವರೆಗೆ ಬಂದು ನಿಂತುಹೋಯಿತು. ಆ ಸಾಲಿನಲ್ಲಿದ್ದವರು ಬೆಳಿಗ್ಗೆ ನಾಲ್ಕು ಗಂಟೆಯಿಂದ ರೊಟ್ಟಿಗೆ ನಿಂತವರು, ಅವರಲ್ಲಿ ಅರ್ಧದಷ್ಟು ಜನ ಬರಿಗೈಯಲ್ಲಿ ಮರಳಿದವರು. ಪಂದ್ಯ ಗೆದ್ದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ರೊಟ್ಟಿ ಒಲೆಯ ವೆನೆರಾ ಮೈದಾನಕ್ಕಿಳಿದು ಒಂದು ಹಿಡಿ ಬಾಚಿ ಪಾರ್ಮೆನ್‌ನ ಎದೆಗೆ ಎರಚಿದಳು.

"ಎಲ್ಲಿಂದ ತೆಗೆದೆ ಇದನ್ನ?"

"ಕೊಠಡಿಯಿಂದ," ಎಂದ ಪಾರ್ಮೆನ್. "ಬೀಗದಕೈ ನನ್ನ ಹತ್ರ ಇತ್ತು."

ಅವಳು ಉಗಿದಳು. ವಾಸನೆ ಯಾರಿಗೂ ತಿಳಿಯಲಿಲ್ಲ. ಆ ವರ್ಷ ಮನೆಮನೆಯಲ್ಲೂ ಸೀಮೆಎಣ್ಣೆ ಒಲೆ. ಕೂದಲು, ಹಾಸಿಗೆ, ರೊಟ್ಟಿ, ಚರ್ಚಿನ ಮೇಣದಬತ್ತಿ ಕೂಡ ಅದೇ ನಾರುತ್ತಿತ್ತು. ಬಸ್ಸಿನ ಮರೆಯಲ್ಲಿ ನಿಂತಿದ್ದ ಜುಂಬೆರ್ ಮಾತ್ರ ಒಂದು ಸಂಗತಿ ಕಂಡ: ಮೂಲೆ ಬಾವುಟದ ಬಳಿ ಎರಡು ಕಾಗೆ ಇಳಿದವು, ಗೆರೆಗೆ ಒಮ್ಮೆ ಕೊಕ್ಕು ಹಾಕಿದವು, ಹಾರಿಹೋದವು.

ಕೋಪ ಆರಿದ ಮೇಲೆ ಹೇಳೋಣವೆಂದುಕೊಂಡ. ಒಂದು ವಾರ, ಒಂದು ತಿಂಗಳು. ವರ್ಷ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಬೇಕಾಯಿತು.

* * *

ಗೋರಿಯ ಬಳಿ ಜನ ಚದುರತೊಡಗಿದಾಗ ಪಾರ್ಮೆನ್‌ನ ಮಗಳು ಖಾತುನಾ ಜುಂಬೆರ್‌ನ ಪಕ್ಕಕ್ಕೆ ಬಂದು ನಿಂತಳು. ಮದುವೆಯಾಗಿ ದೂರದ ಊರಿಗೆ ಹೋದವಳು. ಬರುವುದೇ ಅಪರೂಪ.

"ಜುಂಬೆರ್ ಮಾಮ, ಒಂದು ಕೇಳ್ಲಾ? ಅಪ್ಪ ಯಾಕೆ ಹಾಗ್ ಮಾಡಿದ್ರು?"

"ಏನು?"

"ಏನು ಅಂತ ನಿಮ್ಗೂ ಗೊತ್ತು." ಅವಳು ಕೈಯಲ್ಲಿದ್ದ ಹೂವಿನ ದಂಟನ್ನು ಚಿವುಟುತ್ತಿದ್ದಳು. "ನಂಗೆ ಹನ್ನೆರಡು ವರ್ಷ ಆಗ. ಮಾರನೇ ದಿನ ರೊಟ್ಟಿ ಸಾಲಲ್ಲಿ ಒಬ್ಬಳು ಕೇಳಿದ್ಳು, ನೀನು ಆ ಹಿಟ್ಟಿನವನ ಮಗಳಲ್ವಾ ಅಂತ. ಅಲ್ಲ ಅಂದೆ. ಅಪ್ಪ ಹಿಂದೇನೇ ನಿಂತಿದ್ರು, ಮಾಮ. ಕೇಳಿಸ್ಕೊಂಡ್ರು. ಸಾಲು ಬಿಟ್ಟು ಹೋದ್ರು."

ಜುಂಬೆರ್ ಬಾಯಿ ತೆರೆದ. ಯಾರೋ ಊಟಕ್ಕೆ ಹೊತ್ತಾಯಿತೆಂದು ಕರೆದರು.

* * *

ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಉದ್ದ ಮೇಜುಗಳು. ಬೀನ್ಸಿನ ಸಾರು, ಮೀನು, ಮೆಕ್ಕೆಜೋಳದ ರೊಟ್ಟಿ, ಜೇನು ಕಲಸಿದ ಗೋಧಿ. ಸತ್ತವರ ಊಟದಲ್ಲಿ ಬಟ್ಟಲಿಗೆ ಬಟ್ಟಲು ತಾಗಿಸುವುದಿಲ್ಲ. ರೊಟ್ಟಿಯ ಚೂರಿನ ಮೇಲೆ ನಾಲ್ಕು ಹನಿ ದ್ರಾಕ್ಷಾರಸ ಚೆಲ್ಲಿ ಕುಡಿಯುತ್ತಾರೆ. ಜುಂಬೆರ್ ಪಾರ್ಮೆನ್‌ನ ಹೆಸರಲ್ಲಿ ಮೊದಲ ಬಟ್ಟಲು ಎತ್ತಿದ. ಕೆಲಸಗಾರ ಎಂದ, ಮಾತು ಕಮ್ಮಿ ಎಂದ. ಎಲ್ಲರೂ ತಲೆದೂಗಿದರು. ಎರಡನೆಯದು ಅವನ ತಂದೆತಾಯಿಗೆ. ಮೂರನೆಯದಕ್ಕೆ ಮೊದಲು ಯಾರೋ ರೊಟ್ಟಿ ಮುರಿಯುವಾಗ ಮೇಜಿನ ಮೇಲೆ ಹಿಟ್ಟಿನ ಪುಡಿ ಉದುರಿತು.

ಗೋಚಾನಿಗೆ ಈಗ ಐವತ್ತಮೂರು, ಹೊಟ್ಟೆ ಬಂದಿತ್ತು, ನಾಲಿಗೆ ಹಾಗೇ ಇತ್ತು. "ಮೆಲ್ಲಗೆ ಕಣ್ರಪ್ಪ," ಎಂದ. "ಪಾರ್ಮೆನಣ್ಣ ಕಂಡ್ರೆ ಎದ್ದು ಬಂದು ಗೆರೆ ಎಳೀತಾನೆ."

ಮೇಜಿನುದ್ದಕ್ಕೂ ಹೆಗಲುಗಳು ಅಲುಗಿದವು. ಜುಂಬೆರ್‌ನ ಬಾಯಿಯೂ ತಾನಾಗಿ ಅಗಲವಾಯಿತು. ಹಾಗೆ ಅಗಲವಾಗಿರುವಾಗಲೇ ಅವನು ಕತ್ತೆತ್ತಿದ. ಎತೆರಿ ಮೀನಿನ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. ನೋಡಿದ್ದಳು.

ಅವನು ಎದ್ದ. ಮೇಜು ಅಲ್ಲಾಡಿತು.

"ಕೇಳಿ. ಆ ಹಿಟ್ಟು ಪಾರ್ಮೆನ್ ಕದ್ದಿದ್ದಲ್ಲ. ಅದು ತಿನ್ನೋ ಹಿಟ್ಟೇ ಆಗಿರ್ಲಿಲ್ಲ. ನಾನು ಬಸ್ಸಲ್ಲಿ ಕದ್ದು ಸೀಮೆಎಣ್ಣೆ ತಂದೆ, ಚೀಲದ ಮೇಲೆ ಚೆಲ್ತು. ನಾಲ್ಕು ಚೀಲ ಹಾಳಾಯ್ತು. ನನ್ನ ಉಳಿಸೋಕೆ ಅವನು ಅದನ್ನ ನೆಲಕ್ಕೆ ಹಾಕಿದ. ಇಪ್ಪತ್ತೊಂಬತ್ತು ವರ್ಷ ನೀವು ಅವನನ್ನ ಅಂದಿದ್ದೆಲ್ಲ ನನಗೆ ಅನ್ಬೇಕಾಗಿತ್ತು. ನಾನು ಕೇಳ್ಕೊಂಡು ಸುಮ್ನಿದ್ದೆ."

ಟಾರ್ಪಾಲು ಗಾಳಿಗೆ ಒಮ್ಮೆ ಉಬ್ಬಿ ಬಿತ್ತು. ಅವನು ಕಾದ. ಯಾರಾದರೂ ಬಟ್ಟಲು ಎಸೆಯಲಿ ಎಂದು ಕಾದ.

ಗೋಚಾ ಮೆಲ್ಲಗೆ ಎದ್ದು ನಿಂತ. ಅವನ ಕಣ್ಣು ತುಂಬಿದ್ದವು.

"ನೋಡಿ," ಎಂದ. "ತಮಾದ ಅಂದ್ರೆ ಹೀಗಿರ್ಬೇಕು. ಸತ್ತ ಗೆಳೆಯನ ಪಾಪ ತನ್ನ ತಲೆ ಮೇಲೆ ಎಳ್ಕೊಂಡ."

"ಇಲ್ಲ ಗೋಚಾ. ನಿಜವಾಗ್ಲೂ—"

"ಗೊತ್ತು, ಗೊತ್ತು ಜುಂಬೆರಣ್ಣ. ಹೋದ ವರ್ಷ ಸಿಮೋನನ ಊಟದಲ್ಲಿ, ಅವ್ನು ಹೆಂಡ್ತಿ ಮೇಲೆ ಒಂದು ದಿನ ಕೈ ಎತ್ತಿದವನಲ್ಲ ಅಂದ್ಯಲ್ಲ, ಆಗ್ಲೂ ನಾವು ಏನಾದ್ರೂ ಅಂದ್ವಾ? ಸತ್ತವರಿಗೆ ಅಷ್ಟು ಮಾಡ್ಬೇಕು."

"ಅದು ಸುಳ್ಳು. ಇದು ನಿಜ!"

"ಹೌದು ಹೌದು," ಎಂದರು ಅಕ್ಕಪಕ್ಕದವರು, ಅವನ ಬೆನ್ನು ಸವರುತ್ತ. ಒಬ್ಬೊಬ್ಬರಾಗಿ ಎದ್ದು ನಿಂತರು. ತಮಗೂ ಇಂಥ ಗೆಳೆಯ ಸಿಗಲಿ ಎಂದು ಜುಂಬೆರ್‌ನ ಹೆಸರಿನಲ್ಲಿ ಕುಡಿದರು. ಖಾತುನಾ ಹೆಂಗಸರ ಮೇಜಿನಿಂದ ಬಂದು ಅವನ ಗಡ್ಡದ ಕೆನ್ನೆಗೆ ಮುತ್ತಿಟ್ಟಳು.

"ಸುಳ್ಳಾದ್ರೂ ಪರವಾಗಿಲ್ಲ ಮಾಮ," ಎಂದು ಕಿವಿಯಲ್ಲಿ ಹೇಳಿದಳು. "ಅಪ್ಪನಿಗೋಸ್ಕರ ಒಬ್ಬರಾದ್ರೂ ಇಷ್ಟು ದೊಡ್ಡ ಸುಳ್ಳು ಹೇಳಿದ್ರಲ್ಲ."

* * *

ಅವನು ಮನೆಯ ಹಿತ್ತಲಿಗೆ ಹೋದ. ನಲ್ಲಿಯ ಬಳಿ ಎತೆರಿ ತಟ್ಟೆ ತೊಳೆಯುತ್ತಿದ್ದಳು.

"ನಿಂಗೆ ಗೊತ್ತಿತ್ತು," ಎಂದ.

"ಅವತ್ತು ಅವರ ಅಂಗಿ ಒಗೆದವಳು ನಾನು. ಮೂರು ನೀರಿಗೂ ವಾಸನೆ ಹೋಗ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ? ಮಗಳಿಗಾದ್ರೂ..."

"ಅವರೇ ಬೇಡ ಅಂದ್ರು. ಮಕ್ಕಳ ಬಾಯಿ, ಊರಿಗೆಲ್ಲ ಗೊತ್ತಾಗುತ್ತೆ, ಜುಂಬೆರ್ ಊರು ಬಿಡ್ಬೇಕಾಗುತ್ತೆ ಅಂತ. ಆಮೇಲೆ ಹೆಂಡ್ತಿ ಮಾತು ಯಾರು ನಂಬ್ತಾರೆ? ನೀನು ಹೇಳಿದ್ರೆ ನಂಬ್ತಾರೆ ಅಂತ ಇದ್ದೆ." ಅವಳು ತಟ್ಟೆಯನ್ನು ಬೋರಲು ಹಾಕಿದಳು. "ಅವರೂ ಹಾಗೇ ಅಂದ್ಕೊಂಡಿದ್ರು."

ಅವಳು ಒದ್ದೆ ಕೈಯಿಂದ ಸೌದೆ ಗೂಡಿನ ಕಡೆ ತೋರಿಸಿದಳು.

"ಅಲ್ಲಿದೆ. ಅವರನ್ನ ಕೆಲಸದಿಂದ ತೆಗೆದ ದಿನ ತಂದಿಟ್ರು. ಮುಚ್ಚಳ ಮತ್ತೆ ತೆಗೀಲಿಲ್ಲ."

ಸೌದೆಯ ಹಿಂದೆ ಗೆರೆಗಾಡಿ ಇತ್ತು. ಚಕ್ರಕ್ಕೆ ತುಕ್ಕು ಹಿಡಿದಿತ್ತು. ಜುಂಬೆರ್ ಅದನ್ನು ಹೊರಗೆಳೆದು, ಕೊಡಲಿಯ ಹಿಂಬದಿಯಿಂದ ಮುಚ್ಚಳ ಬಡಿದು ಎಬ್ಬಿಸಿದ. ಹಳೆಯ ಬಸ್ಸಿನ ಹೊಟ್ಟೆಯ ಸೀಮೆಎಣ್ಣೆ ವಾಸನೆ ತಣ್ಣಗೆ ಮುಖಕ್ಕೆ ಬಂತು. ತಳದಲ್ಲಿ ಹಳದಿಗಟ್ಟಿದ ಹಿಟ್ಟು ಹೆಪ್ಪುಗಟ್ಟಿ ಕುಳಿತಿತ್ತು. ಉಗುರಿನಿಂದ ಕೆರೆದು, ಒಂದು ಹಿಡಿ ಪುಡಿ ಮಾಡಿ, ಏನು ಮಾಡಬೇಕೆಂದು ತಿಳಿಯದೆ ಹಿತ್ತಲಿನ ನೆಲಕ್ಕೆ ಚೆಲ್ಲಿದ.

ಕೋಳಿಗಳು ಓಡಿಬಂದವು. ಕತ್ತು ಚಾಚಿದವು. ಒಂದು ಕೊಕ್ಕು ಹಾಕಿ ತಲೆ ಕೊಡವಿತು. ಉಳಿದವು ಸುತ್ತ ನಿಂತವು.

ಟಾರ್ಪಾಲಿನ ಕೆಳಗೆ ಜುಂಬೆರ್‌ನ ಹೆಸರಿನಲ್ಲಿ ಇನ್ನೊಂದು ಬಟ್ಟಲು ಏಳುತ್ತಿತ್ತು. ಹೆಂಗಸರ ಮೇಜಿನಿಂದ ಕೈತೊಳೆಯಲು ಹಿತ್ತಲಿಗೆ ಬಂದ ವೆನೆರಾ, ಎಪ್ಪತ್ತೊಂಬತ್ತರ ಮುದುಕಿ, ಕೋಲೂರಿ ನಿಂತಿದ್ದಳು. ಅವಳು ಕೋಳಿಗಳನ್ನು ನೋಡಿದಳು, ಮುಚ್ಚಳ ತೆರೆದ ಗೆರೆಗಾಡಿ ನೋಡಿದಳು. ತಲೆವಸ್ತ್ರದ ತುದಿಯನ್ನು ಮೂಗಿನವರೆಗೆ ಒಯ್ದು, ಮತ್ತೆ ಕೆಳಗಿಳಿಸಿದಳು. ಜೇಬಿನಿಂದ ಊಟದ ರೊಟ್ಟಿಯ ಚೂರು ತೆಗೆದು, ಬೆರಳಲ್ಲಿ ಹಿಸುಕಿ, ಆ ಪುಡಿಯ ಪಕ್ಕಕ್ಕೇ ಚೆಲ್ಲಿದಳು.

ಕೋಳಿಗಳು ಒಂದರ ಮೇಲೊಂದು ಬಿದ್ದು ತಿಂದವು. ತಿನ್ನುತ್ತ ತಿನ್ನುತ್ತ ಹಿಟ್ಟಿನ ಅಂಚಿಗೆ ಬಂದವು, ಅಲ್ಲಿಗೆ ನಿಂತವು.