ಆಷಾಢದಲ್ಲಿ ತೋರಿಸಿದ ಮನೆ

ಸೋದರಮಾವ ಪಾಲಣ್ಣನ ಹಣೆಯ ಮೇಲೆ ಕೂತ ನೊಣವನ್ನು ಗಂಗಾ ಸೆರಗಿನಿಂದ ಓಡಿಸುತ್ತಿದ್ದಾಗ, ದುರ್ಗದಿಂದ ಬಂದ ದೀಪಾ ಟೀಚರ್ ಹೆಣಕ್ಕೆ ಹಾರ ಹಾಕಿ, ಅಲ್ಲೇ ಚಾಪೆಯ ಮೇಲೆ ಕುಸಿದು ಅಳತೊಡಗಿದಳು. ಬೆಳಗಿನಿಂದ ಗಂಗಾಳಿಗೆ ಬಾರದ ಅಳು ಈ ಹೊರಗಿನವಳಿಗೆ ಬಂದಿತ್ತು.

"ನಾನು ಮೆಚ್ಚಿದ ಮನೇನೆಲ್ಲ ಬ್ಯಾಡ ಬ್ಯಾಡ ಅಂತಿದ್ರು. ಬೈಕಂಡಿದೀನಿ ಇವರನ್ನ," ಎಂದಳು ದೀಪಾ. "ಈಗ ಮನೇಲಿ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ ಅಂದ್ರೆ ಇವರಿಂದ."

ಹಿರೇಗುಂಟನೂರಿನ ಆ ಅಂಗಳದಲ್ಲಿ ಹೊತ್ತು ಹುಟ್ಟಿದಾಗಿನಿಂದ ಇದೇ ಮಾತು. ಪಾಲಣ್ಣ ಕುರಿ ಸಂತೆಯ ದಲ್ಲಾಳಿಕೆ ಬಿಟ್ಟು ದುರ್ಗದಲ್ಲಿ ಮನೆ ದಲ್ಲಾಳಿಕೆಗೆ ಇಳಿದವನು. ಕೊಳ್ಳುವವರ ಹತ್ತಿರ ಕಮಿಷನ್ನು ಮೊದಲೇ ಮಾತಾಡಿಕೊಂಡುಬಿಡುತ್ತಿದ್ದನಂತೆ. ಮಾರುವವರ ಮನೆಯ ಟೀ ಕೂಡ ಮುಟ್ಟುತ್ತಿರಲಿಲ್ಲವಂತೆ. ಬಿಸಿಲಲ್ಲೊಮ್ಮೆ, ಮಳೆಯಲ್ಲೊಮ್ಮೆ, ಹಬ್ಬದ ದಿನ ಒಮ್ಮೆ ನೋಡದೆ ಯಾವ ಮನೆಗೂ ಅಡ್ವಾನ್ಸ್ ಕೊಡಲು ಬಿಡುತ್ತಿರಲಿಲ್ಲವಂತೆ. ಒಬ್ಬರಿಗೆ ಸುಣ್ಣದಡಿ ಮುಚ್ಚಿದ್ದ ಬಿರುಕು ತೋರಿಸಿದ್ದ, ಇನ್ನೊಬ್ಬರಿಗೆ ಅಣ್ಣತಮ್ಮಂದಿರ ಕೋರ್ಟು ಕೇಸು ಹುಡುಕಿ ಹೇಳಿದ್ದ.

ಗಂಗಾಳ ಗಂಡ ಯೋಗೇಶ್ ಹಿಂದಿನಿಂದ ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ: "ಊರೋರಿಗೆಲ್ಲ ಮನೆ ಕೊಡಿಸ್ದ. ನಮಗೆ ಮಾತ್ರ ಛತ್ರ ಕೊಡಿಸ್ದ ನೋಡು ನಿಮ್ಮಾವ."

* * *

ಮನೆ ಕೊಳ್ಳುವಾಗ ಯೋಗೇಶ್ ಬೇರೆ ದಲ್ಲಾಳಿಯನ್ನು ಗೊತ್ತು ಮಾಡಿದ್ದ. ನಮ್ಮ ಮಾವನೇ ಇರುವಾಗ ಯಾರಿಗೋ ಯಾಕೆ ಕಮಿಷನ್ನು ಸುರಿಯಬೇಕು ಎಂದು ಹಠ ಹಿಡಿದವಳು ಗಂಗಾ. ಮಾವ ಒಂದೇ ಮನೆ ತೋರಿಸಿದ, ಅದೂ ಆಷಾಢದಲ್ಲಿ, ಒಂದೇ ಸಲ. ಬೀದಿ ಸದ್ದಿಲ್ಲದೆ ಮಲಗಿತ್ತು. ಹಿತ್ತಲ ಗೋಡೆಯಾಚೆಯ ಎತ್ತರದ ಕಟ್ಟಡ ಏನೆಂದು ಕೇಳಿದರೆ, ಯಾವುದೋ ಸಂಘದ್ದು ಎಂದ. ಅದರ ಬಾಗಿಲು, ಬೋರ್ಡು ಎರಡೂ ಆಚೆ ಬೀದಿಗಿದ್ದವು.

ಶ್ರಾವಣ ಹುಟ್ಟುತ್ತಲೇ ಗೃಹಪ್ರವೇಶವಾಯಿತು. ಅದರ ಹಿಂದೆಯೇ ಮದುವೆಗಳೂ ಶುರುವಾದವು. ಹಿತ್ತಲಾಚೆಯ ಕಟ್ಟಡ ಮದುವೆಯ ಛತ್ರ. ಅದರ ಅಡುಗೆಮನೆಯ ದೊಡ್ಡ ಫ್ಯಾನು ತಿರುಗುತ್ತಿದ್ದದ್ದು ಅವಳ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ. ಕರಿದೆಣ್ಣೆಯ ಹೊಗೆ, ಬೆಳಕು ಹರಿಯುವ ಮೊದಲೇ ವಾಲಗ, ಎಂಜಲೆಲೆಯ ಗುಡ್ಡೆಗೆ ಕಿತ್ತಾಡುವ ನಾಯಿಗಳು. ಕಿಟಕಿಗೆ ಮೊಳೆ ಹೊಡೆದರು. ಗಂಗಾಳ ಉಬ್ಬಸ ಮಾತ್ರ ಒಳಗೇ ಉಳಿಯಿತು. ಮಾರೋಣವೆಂದರೆ, ಕೊಳ್ಳಲು ಬಂದವರು ಮದುವೆಯ ದಿನವೇ ಬರುತ್ತಿದ್ದರು.

ಪ್ರತಿ ಲಗ್ನಕ್ಕೂ ಗಂಡನ ನಾಲಿಗೆ ಹರಿತವಾಗುತ್ತಿತ್ತು. "ಮಾವಗೆ ಗೊತ್ತಿರ್ಲಿಲ್ಲ" ಎಂಬ ಒಂದೇ ಮಾತನ್ನು ಅವಳು ಅಡ್ಡ ಹಿಡಿಯುತ್ತಿದ್ದಳು. ಅವನಿಗೆ ಕೇಳಿಸಲೆಂದು ಅಂದದ್ದಕ್ಕಿಂತ ತನಗೇ ಹೇಳಿಕೊಂಡದ್ದು ಹೆಚ್ಚು. ಆ ಮನೆಯಲ್ಲಿ ಅವಳು ತಲೆ ಎತ್ತಿಕೊಂಡು ಓಡಾಡುತ್ತಿದ್ದದ್ದು ಆ ಮಾತಿನ ಬಲದಿಂದಲೇ.

* * *

ಮಧ್ಯಾಹ್ನದ ಹೊತ್ತಿಗೆ ಆ ಮನೆಯನ್ನು ಅವರಿಗೆ ಮಾರಿದ್ದ ಮೂರ್ತಪ್ಪ ಹಾರ ಹಿಡಿದು ಬಂದ. ಕೈಮುಗಿದು, ಗಂಗಾಳ ಗುರುತು ಹಿಡಿದು ಪಕ್ಕದಲ್ಲಿ ಕೂತ.

"ಮನೆ ಹೆಂಗೈತವ್ವ?"

"ಐತೆ," ಎಂದಳು.

"ನಿಮ್ಮಾವ ಭಾರಿ ಮರ್ಯಾದಸ್ಥ," ಎಂದ ಮೂರ್ತಪ್ಪ, ನಿಜವಾಗಿಯೂ ಮರುಗುತ್ತ. "ಮಾರೋರ ಕೈಲಿ ಕಮಿಷನ್ ತಗಂಡಿದ್ದು ಅಂದ್ರೆ ಜೀವಮಾನದಾಗೆ ಅದೊಂದೇ. ಅಕ್ಕನ ಮಗಳ ಹತ್ರ ಹೆಂಗೆ ಕೇಳ್ಲಿ, ನೀನೇ ಕೊಡಪ್ಪ ಅಂದ. ಕೊಡ್ತೀನಿ, ಆಷಾಢ ಕಳೆಯಾದ್ರೊಳಗೆ ತೋರ್ಸಿ ಮಾತು ಮುಗಿಸು ಅಂದೆ. ಎದ್ದು ಹೊಂಟೋನು ತಿರುಗಿ ಬಂದು ಕುಂತ. ಆಮ್ಯಾಲೆ ಆತು ಅಂದ."

ಗಂಗಾ ಹೆಣದ ಮುಖವನ್ನೇ ನೋಡಿದಳು. ನೊಣ ಮತ್ತೆ ಬಂದು ಕೂತಿತ್ತು. ಓಡಿಸಲಿಲ್ಲ.

* * *

ಗೃಹಪ್ರವೇಶದ ದಿನ ತಟ್ಟೆಯಲ್ಲಿ ಎಲೆ ಅಡಿಕೆ, ಪಂಚೆ, ಶಲ್ಯ ಇಷ್ಟನ್ನೇ ಇಟ್ಟು ಅವಳು ಮಾವನ ಕೈಗೆ ಕೊಟ್ಟಿದ್ದಳು. ಪಾಲಣ್ಣ ಪಂಚೆಯನ್ನು ತುಸು ಎತ್ತಿ ಅದರ ಅಡಿಯಲ್ಲಿ ಕೈಯಾಡಿಸಿದ್ದ. ಮತ್ತೆ ಇಟ್ಟು, ಮಡಿಕೆ ಸರಿಮಾಡಿದ್ದ. ಬಟ್ಟೆಯ ನಯ ನೋಡುತ್ತಿದ್ದಾನೆಂದು ಅವಳು ತಿಳಿದಿದ್ದಳು.

"ಚೆನ್ನಾಗೈತಾ ಮಾವ?"

"ಚೆನ್ನಾಗೈತೆ ಕಣವ್ವ," ಎಂದು ಅವನು ಊಟಕ್ಕೆ ಎದ್ದಿದ್ದ. ಹೋಳಿಗೆ ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿದಿದ್ದ.

* * *

ಚಟ್ಟ ಎತ್ತುವ ಹೊತ್ತಾಯಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿದರು. ಗಂಗಾ ಕಾಲಿನ ಕಡೆಗೆ ಹೋಗಲಿಲ್ಲ. ಪರ್ಸಿನಲ್ಲಿದ್ದ ನೋಟುಗಳನ್ನೆಲ್ಲ ತೆಗೆದು, ಎಣಿಸದೆ, ಮಾವನಿಗೆ ತೊಡಿಸಿದ್ದ ಹೊಸ ಅಂಗಿಯ ಜೇಬಿಗೆ ತುರುಕಿದಳು. ಜೇಬು ಉಬ್ಬಿತು. ಸುತ್ತ ನಿಂತವರ ಅಳು ಒಮ್ಮೆಲೆ ಜೋರಾಯಿತು.

ಪಾಲಣ್ಣನ ಹೆಂಡತಿ ಬೋರಕ್ಕ ಎದ್ದು ಬಂದು, ಆ ನೋಟುಗಳನ್ನು ಈಚೆಗೆ ತೆಗೆದು ಅವಳ ಅಂಗೈಗೇ ಒತ್ತಿದಳು.

"ಇಸ್ಕಳ್ಳಿ ಬಿಡು ಅತ್ತೆ, ಈಗಾದ್ರೂ," ಎಂದಳು ಗಂಗಾ. ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು.

"ಹುಚ್ಚಿ, ಅಕ್ಕನ ಮಗಳ ದುಡ್ಡು ನಿಮ್ಮಾವ ಯಾವತ್ತನ ಮುಟ್ಟಾನೇನೆ?" ಬೋರಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದಳು. "ಮಡಿಕ. ನಿನ್ನ ಹತ್ರ ಬ್ಯಾಡ ಅವಂಗೆ."

ಯಾರೋ ತಲೆಯ ಕಡೆಗೆ ಒಂದು ಹೆಗಲು ಕಡಿಮೆಯಿದೆ ಎಂದು ಕೂಗಿದರು. ಮೂರ್ತಪ್ಪ ಚಪ್ಪಲಿ ಬಿಟ್ಟು, ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೋದ. ಅವನು ಕುಳ್ಳ. ಚಟ್ಟ ಮೇಲೆದ್ದಾಗ ಅವನಿದ್ದ ಬದಿಗೆ ತಗ್ಗಿತು. ಹಾರಗಳ ನಡುವೆ ಪಾಲಣ್ಣನ ತಲೆ ನಿಧಾನವಾಗಿ ಅತ್ತ ಹೊರಳಿ, ಮೂರ್ತಪ್ಪನ ಕಿವಿಯ ಹತ್ತಿರ ನಿಂತಿತು. ಬೀದಿಯ ತಿರುವಿನವರೆಗೂ ಹಾಗೇ ಇತ್ತು.