ನಾಲ್ಕು ಚುಕ್ಕೆ ಕಡಿಮೆ

ಪಟ್ಟಿಯಿಂದ ಗ್ರಾಸಿಯ ಹೆಸರು ತೆಗೆಯಲು ಇನ್ನು ಒಂಬತ್ತೇ ದಿನ ಬಾಕಿಯಿತ್ತು. ಅಷ್ಟರಲ್ಲಿ ಇಬಿಟಿಂಗಾ ಎಂಬ ಊರಿನಲ್ಲಿ ಗುಲಾಬಿಗಳು ವಾಲಿದವು.

ಗ್ರಾಸಿ, ಪೂರ್ತಿ ಹೆಸರು ಗ್ರಾಸಿಯೆಲಿ, ಸಾವ್ ಕಾರ್ಲೊಸ್‌ನವಳು, ಮೂವತ್ತೆಂಟರ ಹೆಂಗಸು. ಕಂಪ್ಯೂಟರನ್ನು ನಡೆಸುವ ತಿರುಳಾದ ಕರ್ನಲ್ ಎಂಬ ಪ್ರೋಗ್ರಾಮನ್ನು ಜಗತ್ತಿನ ಸಾವಿರಾರು ಮಂದಿ ಮೇಲ್‌ನಲ್ಲೇ ಜಗಳವಾಡುತ್ತ ಕೂಡಿ ಬರೆಯುತ್ತಾರೆ. ಅದರೊಳಗೆ, ಪರದೆಯ ಮೇಲೆ ಚಿತ್ರ ಮೂಡಿಸುವ, ಈಗ ಯಾರೂ ತಯಾರಿಸದ ಒಂದು ಹಳೇ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಇವಳ ಪಾಲಿಗೆ ಬಂದಿತ್ತು. ಕಾರ್ಡಿಗೂ ಪ್ರೋಗ್ರಾಮುಗಳಿಗೂ ನಡುವೆ ನಿಂತು ಮಾತು ದಾಟಿಸುವುದಷ್ಟೇ ಆ ಡ್ರೈವರಿನ ಕೆಲಸ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಕಾಲೇಜಿನ ರಜೆಯಲ್ಲಿ ಹುಮ್ಮಸ್ಸಿಗೆ ಬಿದ್ದು ಅದನ್ನು ಬರೆದಿದ್ದಳು. ಅಂದಿನಿಂದ ನೋಡಿಕೊಳ್ಳುವವರ ಪಟ್ಟಿಯಲ್ಲಿ ಅದರ ಮುಂದೆ ಇರುವುದು ಅವಳದೊಂದೇ ಹೆಸರು. ಜಗತ್ತಿನ ಯಾವ ಮೂಲೆಯಲ್ಲಿ ಪರದೆ ಕಪ್ಪಾದರೂ ಇವಳಿಗೆ ಮೇಲ್. ಮದುವೆಯ ದಿನ ಬಂದಿತ್ತು, ವಿಚ್ಛೇದನದ ದಿನವೂ ಬಂದಿತ್ತು. ಈ ಕೆಲಸಕ್ಕೆ ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಕೊರತೆಯಿಲ್ಲ.

ಕೊನೆಗೂ ರೆಸೀಫಿಯ ಎವಾಂದ್ರೊ ಎಂಬ ಪುಣ್ಯಾತ್ಮ ಸಿಕ್ಕ. "ನಾನು ನೋಡ್ಕೋತೀನಿ ಗ್ರಾಸಿ. ಆದ್ರೆ ಆ ಕಸದ ಸಮೇತ ಬೇಡ, ಗುಡಿಸಿ ಕೊಡು" ಎಂದ.

ಏಳು ತಿಂಗಳು ಗುಡಿಸಿದಳು. ಹಳೇ ಪ್ರೋಗ್ರಾಮುಗಳಿಗೆಂದು ಉಳಿಸಿಕೊಂಡಿದ್ದ ಒಂದು ಇಡೀ ಹಳೇ ದಾರಿಯನ್ನೇ ಕಿತ್ತೆಸೆದಳು. ಹಾಗೆ ಕೀಳುವಾಗ ತನ್ನದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಪರದೆಯ ಒಂದು ಸಾಲಿನಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಡ್ರೈವರ್ ಹೇಳಬೇಕು. ಇವಳ ಡ್ರೈವರ್ ಹತ್ತೊಂಬತ್ತು ವರ್ಷದಿಂದ ನಾಲ್ಕು ಕಡಿಮೆ ಹೇಳುತ್ತಿತ್ತು. ನಾಚಿಕೆಯಾಯಿತು. ಹೊಸ ದಾರಿಯಲ್ಲಿ ನಿಜವಾದ ಲೆಕ್ಕವನ್ನೇ ಇಟ್ಟಳು. ಹೊಸ ಕರ್ನಲ್ ಹೊರಬಿತ್ತು, ಎಲ್ಲರೂ ಶಹಬ್ಬಾಸ್ ಎಂದರು.

ಆಮೇಲೆ ಒಂದು ದೂರಿನ ಮೇಲ್ ಬಂತು. ಇಬಿಟಿಂಗಾದ ಜೊರೈಡಿ ಎಂಬಾಕೆ ಮನೆಯಲ್ಲೇ ಕಸೂತಿ ಯಂತ್ರ ಇಟ್ಟುಕೊಂಡು ಮದುಮಕ್ಕಳ ಹಾಸಿಗೆ ಬಟ್ಟೆ ಹೊಲಿಯುವವಳು. ಅವಳ ಕಂಪ್ಯೂಟರಿನ ಡಿಸ್ಕ್ ಸತ್ತಿತ್ತು. ರಿಪೇರಿಯವನು ಹೊಸದು ಹಾಕಿ ಹೊಸ ಕರ್ನಲ್ ತುಂಬಿಸಿದ್ದ. ನಮೂನೆ ಬಿಡಿಸುವ ಪ್ರೋಗ್ರಾಂ ಮಾತ್ರ ಹಳೆಯದೇ. ಅದನ್ನು ಮಾಡಿದ ಕಂಪನಿ ಮುಚ್ಚಿ ಹನ್ನೊಂದು ವರ್ಷವಾಗಿತ್ತು, ಒಳಗೇನಿದೆ ಎಂದು ಬಲ್ಲವರು ಯಾರೂ ಉಳಿದಿರಲಿಲ್ಲ. ಒಂದು ಹಗಲೆಲ್ಲ ಕೆದಕಿದ ಮೇಲೆ ಗ್ರಾಸಿಗೆ ತಿಳಿಯಿತು: ಅದನ್ನು ಬರೆದ ಮಹಾನುಭಾವ, ಡ್ರೈವರ್ ನಾಲ್ಕು ಕಡಿಮೆ ಹೇಳುತ್ತದೆಂದು ಕಂಡುಕೊಂಡು, ಯಾರಿಗೂ ಹೇಳದೆ ತಾನೇ ನಾಲ್ಕು ಕೂಡಿಸಿಕೊಂಡಿದ್ದ. ಈಗ ಡ್ರೈವರ್ ನಿಜ ಹೇಳಿದರೂ ಪ್ರೋಗ್ರಾಂ ನಾಲ್ಕು ಕೂಡಿಸುತ್ತಲೇ ಇತ್ತು. ಒಂದೊಂದು ಸಾಲೂ ಮೇಲಿನ ಸಾಲಿಗಿಂತ ನಾಲ್ಕು ಚುಕ್ಕೆ ಪಕ್ಕಕ್ಕೆ ಜಾರುತ್ತಿತ್ತು. ಪರದೆಯ ಮೇಲೆ ವಾಲಿದ ಗುಲಾಬಿ ಬಟ್ಟೆಯ ಮೇಲೂ ವಾಲಿತು.

ಗ್ರಾಫಿಕ್ಸ್ ಡ್ರೈವರುಗಳಿಗೆಲ್ಲ ಹಿರಿಯನಾದ ಹೆನ್ನಿಂಗ್ ಜರ್ಮನಿಯಿಂದ ಕರೆ ಮಾಡಿದ. "ನಿನ್ನೆ ನಡೀತಿದ್ದ ಪ್ರೋಗ್ರಾಂ ಇವತ್ತು ನಡೀತಿಲ್ಲ. ಹಳೇ ದಾರಿ ವಾಪಸ್ ಹಾಕು."

"ನಾನು ತಪ್ಪು ತಿದ್ದಿದೀನಿ ಹೆನ್ನಿಂಗ್. ಎಡವಟ್ಟು ಆ ಪ್ರೋಗ್ರಾಮಿಂದು."

"ಹತ್ತೊಂಬತ್ತು ವರ್ಷ ಸುಳ್ಳು ಹೇಳಿ, ನಂಬಿದೋರದ್ದೇ ತಪ್ಪು ಅಂತೀಯಲ್ಲ."

ಎವಾಂದ್ರೊ ಒಂದೇ ಸಾಲು ಬರೆದ: ಆ ದಾರಿ ವಾಪಸ್ ಬಂದರೆ ನಾನಿಲ್ಲ.

ಆದರೂ ಒಂದು ಕಿಂಡಿ ಇತ್ತು. ಯಾರೂ ದೂರದಿದ್ದರೆ ಏನೂ ಮುರಿದಿಲ್ಲ ಎಂದೇ ಕರ್ನಲ್ ಬರೆಯುವವರ ಲೆಕ್ಕ. ಇಡೀ ಜಗತ್ತಿನಲ್ಲಿ ಬಂದದ್ದು ಒಂದೇ ದೂರು. "ಆಯಮ್ಮನೇ ದೂರು ವಾಪಸ್ ತಗೊಂಡ್ರೆ ನಾನು ಯಾಕೆ ಅಂತ ಕೇಳಲ್ಲ" ಎಂದು ಹೆನ್ನಿಂಗ್ ಕೂಡ ಒಪ್ಪಿದ.

ಶನಿವಾರ ಬೆಳಿಗ್ಗೆ ಗ್ರಾಸಿ ಇಬಿಟಿಂಗಾದ ಬಸ್ಸು ಹತ್ತಿದಳು.

ಬಾಗಿಲು ತೆರೆದ ಮುದುಕಿಯ ಕೊರಳಲ್ಲಿ ಅಳತೆ ಪಟ್ಟಿ ಜೋತಾಡುತ್ತಿತ್ತು. "ನನ್ನ ಗುಲಾಬಿ ಮಲಗಿಸಿದೋಳು ನೀನೇನಾ?"

"ಹೌದು ದೋನಾ ಜೊರೈಡಿ," ಎಂದಳು ಗ್ರಾಸಿ, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲೇ.

"ಬಾ ಒಳಗೆ. ಕುತ್ತಿಗೆ ಹಿಸುಕೋಕೆ ಮುಂಚೆ ಕಾಫಿ ಕೊಡೋದು ನಮ್ಮನೆ ಪದ್ಧತಿ."

ಕಾಫಿಯ ಜೊತೆ ಜೋಳದ ಹಿಟ್ಟಿನ ಕೇಕೂ ಬಂತು, ಒಂದು ದಿಂಬಿನ ಚೀಲವೂ ಬಂತು. ಅದರ ಮೇಲೆ ಎಂಟು ಗುಲಾಬಿ, ಎಂಟೂ ಒಂದೇ ಕಡೆಗೆ ಬೀಳುವಂತಿದ್ದವು.

"ಹುಡುಗಿ ತಾಯಿ ಏನಂದ್ಳು ಗೊತ್ತಾ? ನನ್ನ ಮಗಳು ಮದ್ವೆ ಆಗ್ತಿರೋದು ಕುಡುಕನ್ನಲ್ಲ, ಹೂವಿಗ್ಯಾಕೆ ಅಮಲು ಅಂದ್ಳು."

ಗ್ರಾಸಿಗೆ ನಗು ಬಂತು, ಆಮೇಲೆ ನಕ್ಕದ್ದಕ್ಕೆ ಸಂಕಟವಾಯಿತು. ಬೇರೆ ಹೊಸ ಪ್ರೋಗ್ರಾಂ ಇದೆ, ಪುಕ್ಕಟೆ ಸಿಗುತ್ತದೆ, ನಾನೇ ಬಂದು ಕಲಿಸುತ್ತೇನೆ ಎಂದಳು.

"ನನ್ನ ಎರಡು ಸಾವಿರ ನಮೂನೆ ಅದ್ರಲ್ಲಿ ತೆರ್ಕೊಳ್ಳುತ್ತಾ?"

"ಇಲ್ಲ."

"ಮತ್ತೆ ಅದ್ಯಾಕೆ ನಂಗೆ?"

ಸುತ್ತಿ ಬಳಸಿ ಹೇಳಿ ಪ್ರಯೋಜನವಿರಲಿಲ್ಲ. ಗ್ರಾಸಿ ಲೋಟ ಕೆಳಗಿಟ್ಟಳು. "ದೋನಾ ಜೊರೈಡಿ, ನನ್ನ ಅರ್ಧ ಆಯಸ್ಸು ಇದ್ರಲ್ಲೇ ಹೋಯ್ತು. ಬಿಟ್ಟು ಹೋಗೋಕೆ ಈಗೊಂದು ದಾರಿ ಸಿಕ್ಕಿದೆ. ನಿಮ್ಮ ದೂರು ಇದ್ರೆ ಆ ದಾರಿ ಮುಚ್ಚತ್ತೆ. ದೂರು ಇಲ್ಲ ಅಂತ ಒಂದು ಸಾಲು ಬರ್ಕೊಡಿ. ಕೇಳಬಾರದು, ಆದ್ರೂ ಕೇಳ್ತಿದೀನಿ."

ಮುದುಕಿ ತನ್ನ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು. "ನೀನೇ ಬರಿ," ಎಂದಳು. "ನಂಗೂ ಅರವತ್ತೇಳಾಯ್ತು. ಬೆರಳು ಸೊಟ್ಟಗಾಗಿವೆ. ಅಂಗಡಿ ಮುಚ್ಚೋಕೆ ಒಂದು ನೆಪ ಸಿಕ್ತು ಅಂದ್ಕೋತೀನಿ."

ಗ್ರಾಸಿ ಲ್ಯಾಪ್‌ಟಾಪ್ ತೆರೆದು, ಜೊರೈಡಿಯ ಹೆಸರಿನಲ್ಲಿ ಆ ಒಂದು ಸಾಲು ಬರೆದಳು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಚೆಂದದ ಸಾಲನ್ನು ಅವಳು ಬರೆದಿರಲಿಲ್ಲ.

"ಕೆಳಗಿನ ಬೀದಿಯೋರ ಚಿಂತೆ ಬಿಡು," ಜೊರೈಡಿ ಇನ್ನೊಂದು ತುಂಡು ಕೇಕ್ ಕತ್ತರಿಸುತ್ತ ಸಮಾಧಾನ ಹೇಳಿದಳು. "ಅವರ ಡಿಸ್ಕ್ ಇನ್ನೂ ಸತ್ತಿಲ್ಲ."

"ಯಾರ ಡಿಸ್ಕು?"

"ಇದೇ ಕಂಪ್ಯೂಟರ್ ಪೆಟ್ಟಿಗೆ, ಇದೇ ಪ್ರೋಗ್ರಾಂ ಇಟ್ಕೊಂಡೋರ್ದು. ಆ ಕಂಪನಿ ಮಾರಿದ್ದೇ ನಮ್ಮೂರಿಗೆ ತಾನೇ. ನಲವತ್ತು ಮನೆ ಇದಾವೆ. ಈ ವರ್ಷ ಅಲ್ದಿದ್ರೆ ಮುಂದಿನ ವರ್ಷ ಆ ಡಿಸ್ಕುಗಳೂ ಸಾಯ್ತವೆ, ರಿಪೇರಿಯೋನೂ ಅವನೇ. ಅದಕ್ಕೇನು? ಅವರ್ಯಾರೂ ದೂರು ಕೊಡಲ್ಲ."

"ಯಾಕೆ ಕೊಡಲ್ಲ?"

"ಎಲ್ಲಿ ಅಂತ ಕೊಡ್ತಾರೆ ಮಗಳೇ? ನನ್ನ ಮೇಲ್ ಮೂರು ಸಲ ವಾಪಸ್ ಬಂತು. ಅಕ್ಷರ ಸರಿಯಿಲ್ಲ, ಚಿತ್ರ ಹಾಕ್ಬಾರ್ದು, ಇಂಗ್ಲಿಷಲ್ಲಿ ಬರಿ ಅಂತ. ನಂದು ಹಟ, ಬಿಡಲಿಲ್ಲ. ಅವರಾದ್ರೆ ಯಂತ್ರ ಕೆಟ್ಟಿತು ಅಂದ್ಕೋತಾರೆ, ಇಲ್ಲಾ ಕಣ್ಣು ಹೋಯ್ತು ಅಂದ್ಕೋತಾರೆ. ನಾನೇ ಮೊದಲ್ನೇ ವಾರ ಹೋಗಿ ಕನ್ನಡಕ ಬದಲಾಯಿಸ್ಕೊಂಡು ಬಂದೆ."

ಗ್ರಾಸಿಗೆ ಕೋಪ ಬಂತು. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವಳು ಮುದುಕಿಯನ್ನು ದ್ವೇಷಿಸಿದಳು. ಬಾಯಿ ಮುಚ್ಚಿಕೊಂಡು ಕೇಕ್ ಕತ್ತರಿಸಬಾರದಿತ್ತೇ? ಯಾರೂ ದೂರದಿದ್ದರೆ ಏನೂ ಮುರಿದಿಲ್ಲ. ದೂರಲು ಬಲ್ಲವರು ದೂರಲು ಬಲ್ಲವರಿಗಾಗಿ ಮಾಡಿಕೊಂಡ ಮಾತು ಅದು. ನಲವತ್ತು ಮನೆಯ ಹೆಂಗಸರು ಕಣ್ಣುಜ್ಜಿಕೊಳ್ಳುತ್ತ ಕೂರುತ್ತಾರೆ, ಹಾಗೆ ಕೂರುತ್ತಾರೆಂದು ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ತಿಳಿದಿರುತ್ತದೆ. ಕಳಿಸುವ ಗುಂಡಿಯ ಮೇಲಿದ್ದ ಬೆರಳನ್ನು ತೆಗೆದಳು. ಆ ಚೆಂದದ ಸಾಲನ್ನು ಅಳಿಸಿದಳು.

ಅಲ್ಲೇ ಕೂತು ಹಳೇ ದಾರಿಯನ್ನು ವಾಪಸ್ ತಂದಳು. ದೂರು ಕೊಟ್ಟವರ ಹೆಸರನ್ನು ತಿದ್ದುಪಡಿಯ ಕೊನೆಗೆ ಮರ್ಯಾದೆಯಿಂದ ಬರೆಯುವುದು ಅವರಲ್ಲಿ ರೂಢಿ. ಜೊರೈಡಿಯ ಹೆಸರು ಬರೆದಳು, ಅದರ ಕೆಳಗೆ ತನ್ನದು. ನಾಲ್ಕು ಕಳೆಯುವ ಸಾಲಿನ ಮೇಲೆ ಹೀಗೆ ಟಿಪ್ಪಣಿ ಹಾಕಿದಳು: ಇದು ತಪ್ಪು, ತಿದ್ದಬೇಡಿ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಗುಲಾಬಿ ನೆಟ್ಟಗೆ ನಿಂತಿತು. ಎವಾಂದ್ರೊನ ಉತ್ತರವೂ ಬಂತು: ಕ್ಷಮಿಸು ಗ್ರಾಸಿ, ಒಳ್ಳೆಯದಾಗಲಿ. ಯಂತ್ರದ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಸ್ವಲ್ಪ ಅತ್ತಳು.

ಹೊರಡುವಾಗ ಜೊರೈಡಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ಗೋಡೆಯ ಹತ್ತಿರ ನಿಂತಳು. "ನಿನ್ನ ನಂಬರ್ ಹೇಳು. ಆ ನಲವತ್ತು ಮನೆಗೂ ಕೊಡ್ತೀನಿ. ಏನಾದ್ರೂ ಆದ್ರೆ ಅವರು ಅಲ್ಲಿ ಇಲ್ಲಿ ಅಲೀಬಾರ್ದು ನೋಡು, ಸೀದಾ ನಿಂಗೇ ಮಾಡ್ಲಿ."

ಗ್ರಾಸಿ ಹೇಳಿದಳು. ಜೊರೈಡಿ ದಪ್ಪ ದಪ್ಪ ಅಂಕಿಗಳಲ್ಲಿ ಬರೆದು, ಹಿಂದೆ ಸರಿದು ನೋಡಿ, ಕೈ ಕೊಡವಿಕೊಂಡಳು. ಕೊನೆಯ ಅಂಕಿ ತಪ್ಪಾಗಿತ್ತು. ಹಾಗೇ ಬಿಟ್ಟರೆ ನಲವತ್ತು ಮನೆಯ ಕರೆಗಳೂ ಇನ್ಯಾರಿಗೋ ಹೋಗುತ್ತವೆ.

ಗ್ರಾಸಿ ಚೀಲ ಹೆಗಲಿಗೆ ಹಾಕಿಕೊಂಡಳು. ಮೆಟ್ಟಿಲು ಇಳಿದಳು. ಗೇಟಿನವರೆಗೂ ಹೋದಳು. ಅಲ್ಲಿ ಒಂದು ಕ್ಷಣ ನಿಂತಳು.

"ದೋನಾ ಜೊರೈಡಿ," ತಿರುಗಿ ಕರೆದಳು, "ಕೊನೇದು ಮೂರಲ್ಲ. ಎಂಟು."