ಪಂಚಮಿಗೊಂದು ಹೊಸ ಫಂಡು

ನಾಗರಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆಯದಿದ್ದರೆ ನಮ್ಮ ಬೈಲಹೊಂಗಲ ಸೀಮೆಯ ಹೆಣ್ಣುಮಕ್ಕಳಿಗೆ ತವರು ಇದ್ದೂ ಇಲ್ಲದ ಹಾಗೆ. ನನ್ನ ಅವ್ವ ಸಿದ್ದಲಿಂಗವ್ವನಿಗೆ ಆ ಕೊರತೆ ಇರಲಿಲ್ಲ. ಅವಳ ತಮ್ಮ ಸುಭಾಸಮಾಮಾ ವರ್ಷವೂ ತಪ್ಪದೆ ರಾಮದುರ್ಗದಿಂದ ಬರುತ್ತಿದ್ದ. ಒಂದು ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಫಾರ್ಮು.

ಮಾಮಾ ಮ್ಯೂಚುವಲ್ ಫಂಡಿನ ಏಜೆಂಟ. ಹತ್ತಿ ಲಾರಿ ಉರುಳಿ ನನ್ನ ಅಪ್ಪನೂ ಪಕ್ಕದ ಮನೆಯ ರಾಯವ್ವನ ಗಂಡನೂ ಒಟ್ಟಿಗೆ ಸತ್ತಿದ್ದರು. 1999ರಲ್ಲಿ ಎರಡೂ ಮನೆಗೆ ತಲಾ ಒಂದು ಲಕ್ಷ ಪರಿಹಾರ ಬಂತು. ಎರಡನ್ನೂ ಮಾಮಾನೇ ಒಂದೇ ಫಂಡಿಗೆ ಹಾಕಿಸಿದ. ನಮ್ಮದು ನನ್ನ ಓದಿಗೆ ಎಂದು ಅವ್ವ ಅವತ್ತೇ ಹೇಳಿಬಿಟ್ಟಳು. ಮಗಳು ಆಯುರ್ವೇದದ ಡಾಕ್ಟರಾಗಬೇಕೆಂದು ಅವಳಿಗೆ ಹಟ.

ಮರುವರ್ಷದ ಪಂಚಮಿಗೆ ಮಾಮಾ ಉಂಡಿಯ ಜೊತೆ ಬುದ್ಧಿಯನ್ನೂ ತಂದ.

"ಅಕ್ಕಾ, ನಮ್ಮ ಫಂಡಿಂದು ಒಂದು ಯುನಿಟ್ಟಿಗೆ ಈಗ ಹದಿನಾರು ರೂಪಾಯಿ ಆಗೇತಿ. ಹೊಸಾದೊಂದು ಬಂದೈತಿ, ಬರೇ ಹತ್ತಕ್ಕ ಸಿಗತೈತಿ. ತುಟ್ಟೀದು ಮಾರಿ ಅಗ್ಗದ್ದು ಹಿಡಿಯೂದು ಚಲೋ ಅಲ್ಲೇನು?"

ಪ್ಯಾಟಿಯಲ್ಲಿ ಕಾಯಿಪಲ್ಯೆಗೂ ಚೌಕಾಶಿ ಮಾಡುವ ಅವ್ವನಿಗೆ ಈ ಮಾತು ನೇರ ತಲೆಗಿಳಿಯಿತು. ಸಹಿ ಹಾಕಿ, ಸೀರೆ ಬದಲಿಸಿ, ತವರಿನ ಬಸ್ಸು ಹತ್ತಿದಳು. ಮುಂದಿನ ವರ್ಷ ಇನ್ನೊಂದು ಹತ್ತು ರೂಪಾಯಿಯದು, ಅದರ ಮುಂದಿನ ವರ್ಷ ಮತ್ತೊಂದು. ಫಾರ್ಮಿಲ್ಲದ ಪಂಚಮಿಯನ್ನು ನಾನು ಕಾಣಲೇ ಇಲ್ಲ. ಮಾಮಾ ರಾಯವ್ವನಿಗೂ ಹೇಳಿ ನೋಡಿದ.

"ನನಗೇನು ತಿಳೀತೈತೋ ಯಪ್ಪಾ, ಇದ್ದಲ್ಲೇ ಇರಲಿ ಬಿಡು" ಎಂದು ಅವಳು ಕೈಯಾಡಿಸಿದಳು.

2007ರಲ್ಲಿ ನನಗೆ ಬೆಳಗಾವಿಯಲ್ಲಿ ಸೀಟು ಸಿಕ್ಕಿತು. ಸೇರುವಾಗಲೇ ಒಟ್ಟಿಗೆ ಕಟ್ಟಬೇಕಾದದ್ದು ಮೂರೂವರೆ ಲಕ್ಷ. ಅವ್ವ ಫಂಡು ಬಿಡಿಸಿದಳು. ಬಂದದ್ದು ಎರಡೂ ಮುಕ್ಕಾಲು. ಅದೇ ತಿಂಗಳು ರಾಯವ್ವ ಮನೆ ಕೊಳ್ಳಲು ತನ್ನದನ್ನು ಬಿಡಿಸಿದ್ದಳು. ಅವಳಿಗೆ ನಾಲ್ಕರ ಮೇಲೆ ಬಂದಿತ್ತು.

ನನಗೆ ಮೈಯೆಲ್ಲ ಉರಿದು ಬೆಳಗಾವಿಯ ಫಂಡಿನ ಆಫೀಸಿಗೆ ಹೋದೆ. ಅಲ್ಲಿದ್ದವರು ಸಮಾಧಾನದಿಂದಲೇ ಹೇಳಿದರು.

"ಹತ್ತು ರೂಪಾಯಿದು ಅಗ್ಗ ಅಲ್ಲರೀ, ಹದಿನಾರರದು ತುಟ್ಟಿನೂ ಅಲ್ಲ. ಯುನಿಟ್ಟು ಹೆಚ್ಚು ಬಂದ್ರೂ ಕಮ್ಮಿ ಬಂದ್ರೂ ನೀವು ಹಾಕಿದ ರೊಕ್ಕ ಅಷ್ಟ. ಆದ್ರ ಹೊಸಾದಕ್ಕ ಸೇರಿದಾಗೊಮ್ಮೆ ಖರ್ಚು, ಕಮಿಷನ್ ಅಂತ ನೂರಕ್ಕ ಆರರತನಕ ಮುರೀತಾರ. ಮುರದದ್ದು ಮುಂದ ಬೆಳಿಯೂದಿಲ್ಲ."

ನೂರಕ್ಕೆ ಆರು ಎಂದರೆ ಯಾರಿಗೂ ನೋಯುವುದಿಲ್ಲ. ವರ್ಷವರ್ಷ ಕಚ್ಚಿದ ಆ ಆರು, ಆ ಆರು ಹಡೆಯಬೇಕಿದ್ದ ಮರಿಗಳು, ಎಲ್ಲ ಸೇರಿ ನನ್ನ ಕಾಲೇಜನ್ನೇ ನುಂಗಿದ್ದವು. ಉಳಿದದ್ದಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು ಹೊಲ ತೋರಿಸಿ ಎಂದರು. ಬಾಡಿಗೆ ಮನೆಯವರು ಏನು ತೋರಿಸಬೇಕು? ಫೀ ಕಟ್ಟುವ ಗಡುವು ಮುಗಿದು ನನ್ನ ಸೀಟು ಸವದತ್ತಿಯ ಹುಡುಗಿಯೊಬ್ಬಳ ಪಾಲಾಯಿತು. ಅವ್ವ ಒಲೆಯ ಮುಂದೆ ಕೂತು ಅತ್ತಳು. ನಾನೂ ಅತ್ತೆ.

ಪಂಚಮಿಗೆ ಮಾಮಾ ಬಂದ. ಅವ್ವ ನೀರು ಕೊಟ್ಟು, ಎದುರಿಗೆ ಕೂತಳು.

"ನೂರಕ್ಕ ಆರು ಮುರೀತಾರಂತ ನಿನಗ ಗೊತ್ತಿತ್ತೇನು?"

ಮಾಮಾ ನೀರಿನ ಲೋಟ ಕೆಳಗಿಟ್ಟ. "ಗೊತ್ತಿತ್ತಕ್ಕ. ಬೆಳಿಯೂದರಾಗ ತುಂಬಿ ಬರತೈತಿ ಅಂತ ನಮಗ ಹೇಳಿದ್ರು. ನನ್ನ ಮನಿನೂ ನಡೀಬೇಕಲ್ಲ."

ಅವ್ವ ಬೈಯಬಹುದೆಂದು ನಾನು ಕಾದೆ. ಬೈದಿದ್ದರೆ ನನಗಾದರೂ ಹಗುರಾಗುತ್ತಿತ್ತು.

"ರೊಕ್ಕ ಬೇಕಂದಿದ್ರ ಕೊಡತಿದ್ದೆ" ಎಂದಳು. "ಇಷ್ಟು ಪಂಚಮಿ ಬಂದಿ. ಒಂದು ಸಲನಾದ್ರೂ ಬರೇ ನನ್ನ ಕರಿಯಾಕ ಅಂತ ಬರಬೇಕಿತ್ತಲ್ಲೋ ತಮ್ಮಾ."

ಮಾಮಾ ಒಬ್ಬನೇ ಬಸ್ಸು ಹತ್ತಿದ. ಅವ್ವ ಸಂಜೆಯವರೆಗೂ ಅತ್ತಳು. ನನ್ನ ಸೀಟು ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.